ವೈರಾಗ್ಯವೋ, ವಿಷಾದವೋ?

ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಊರಿಗೆ ಊರೇ ಟೊಂಕ ಕಟ್ಟಿ ನಿಂತಿರುವಾಗ, ಹಿಂದೆ ಎಲ್ಲ ಕಾರ್ಯಗಳಲ್ಲಿಯೂ ಮುಂದಾಗಿರುತ್ತಿದ್ದ ಹಿರಿಯರೊಬ್ಬರು ಮನೆಯ ಚಾವಡಿಯನ್ನು ಬಿಟ್ಟು ಏಳುವುದಿಲ್ಲ. ವಯಸ್ಸು ಅರುವತ್ತು ದಾಟಿದೆ, ಸಕ್ಕರೆ ಕಾಯಿಲೆ ಬಹುಕಾಲದ್ದು, ಅಂಗಾಲಿನಲ್ಲಿ ಉರಿ. ಕರೆಯಹೋದವರಿಗೆ ಅವರು ಹೇಳುವುದು ಒಂದೇ ಮಾತು: "ನನಗಿನ್ನೇನು? ಎಲ್ಲ ಸಾಕಾಯಿತು." ಇದನ್ನು ಕೇಳಿ ಕೆಲವರು, ಅವರಿಗೆ ವೈರಾಗ್ಯ ಪ್ರಾಪ್ತವಾಗಿದೆಯೆಂದು ಕೈಮುಗಿಯುತ್ತಾರೆ. ಇನ್ನು ಕೆಲವರು, ಭಕ್ತಿ ಕುಂದಿತೆಂದು ಮೂಗು ಮುರಿಯುತ್ತಾರೆ. ಇಂತಹವರು ಪ್ರತಿಯೊಂದು ಊರಿನಲ್ಲಿಯೂ ಉಂಟು. ಸ್ತ್ರೀಯರಾದರೆ ಅವರ ಮೌನವನ್ನು ತಾಳ್ಮೆಯೆಂದು ಕರೆದು ಎಲ್ಲರೂ ಮರೆತುಬಿಡುತ್ತಾರೆ. ಹೊಗಳಿದವರಾಗಲಿ ತೆಗಳಿದವರಾಗಲಿ ರೋಗವೆಂಬ ಸಾಧ್ಯತೆಯನ್ನು ಎಣಿಸಿರುವುದಿಲ್ಲ.

ವೈರಾಗ್ಯದ ವೇಷದಲ್ಲಿ ವಿಷಾದವು ಬರುವುದು ಹೊಸ ಸಂಗತಿಯೇನೂ ಅಲ್ಲ. ಭಗವದ್ಗೀತೆಯ ಮೊದಲನೆಯ ಅಧ್ಯಾಯಕ್ಕೆ ಅರ್ಜುನವಿಷಾದಯೋಗವೆಂದೇ ಹೆಸರು. ಅಲ್ಲಿ ಅರ್ಜುನನು ಮನಸ್ಸಿನ ದುಃಖವೊಂದನ್ನೇ ಹೇಳಿಕೊಳ್ಳುವುದಿಲ್ಲ. ಅವಯವಗಳು ಸೋಲುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಚರ್ಮ ಉರಿಯುತ್ತಿದೆ, ಬಿಲ್ಲು ಕೈಜಾರುತ್ತಿದೆ ಎನ್ನುತ್ತಾನೆ. ವೈದ್ಯನ ಮುಂದೆ ಕುಳಿತ ರೋಗಿಯ ಮಾತಿಗೂ ಇದಕ್ಕೂ ಎಷ್ಟು ಅಂತರ? ಶ್ರೀಕೃಷ್ಣನು ಮೊದಲು ಗದರಿದನು. ಗದರಿಕೆಯಿಂದ ಅರ್ಜುನನು ಏಳಲಿಲ್ಲ; ರಾಜ್ಯಭೋಗಕ್ಕಿಂತ ಭಿಕ್ಷಾನ್ನವೇ ಲೇಸೆಂದನು. ಕೇಳುವವನು ಸಾಮಾನ್ಯನಾಗಿದ್ದರೆ ಎಂತಹ ತ್ಯಾಗವೆಂದು ಮೆಚ್ಚಿಬಿಡುತ್ತಿದ್ದನು. ಶ್ರೀಕೃಷ್ಣನು ಮೆಚ್ಚಲಿಲ್ಲ, ಬಿಟ್ಟು ಹೋಗಲೂ ಇಲ್ಲ. ಗದರಿಕೆಗೆ ಹಿಡಿದದ್ದು ಎರಡು ಶ್ಲೋಕ. ತಿಳಿಯಹೇಳುವುದಕ್ಕೆ ಹಿಡಿದದ್ದು ಹದಿನೇಳು ಅಧ್ಯಾಯ. ಮನೆಮಂದಿ ಗಮನಿಸತಕ್ಕ ಲೆಕ್ಕವಿದು.

ಹಾಗಾದರೆ ಇವೆರಡನ್ನೂ ಬೇರ್ಪಡಿಸಿ ತಿಳಿಯುವುದೆಂತು? ವಿರಕ್ತನಿಗೆ ತನ್ನದೆಂಬುದರಲ್ಲಿ ಆಸೆ ಕಡಮೆಯಾಗಿರುತ್ತದೆಯೇ ಹೊರತು ಪರರ ಸುಖದಲ್ಲಿ ಆಸಕ್ತಿ ಕಡಮೆಯಾಗಿರುವುದಿಲ್ಲ. ಮೊಮ್ಮಗು ತೊಡೆಯೇರಿದರೆ ಅವನ ಮುಖ ಅರಳುತ್ತದೆ. ಉಣ್ಣುವುದು ತುತ್ತೇ ಆದರೂ ಅದು ರುಚಿಸುತ್ತದೆ. ವಿಷಾದಗ್ರಸ್ತನಿಗೆ ಅನ್ನ ಮಣ್ಣು. ಕೋಳಿ ಕೂಗುವ ಮೊದಲೇ ಎಚ್ಚರ. ನಾಲಗೆಯ ಮೇಲೆ ದೇವರ ನಾಮವಿದ್ದರೂ ಒಳಗಿಳಿಯದು. ಇಳಿಯಲಿಲ್ಲವೆಂಬುದೇ ಅವನಿಗೆ ಮತ್ತೊಂದು ಪಾಪಭೀತಿ. ಎಲ್ಲಕ್ಕಿಂತ ಸ್ಪಷ್ಟವಾದ ಗುರುತೆಂದರೆ ಅವನು ಮನಸ್ಸಿನಲ್ಲಿ ಬರೆಯುವ ಖಾತೆ. ಗುಳಿಗೆಗೆ ಇಷ್ಟು, ಬಸ್ಸಿಗೆ ಇಷ್ಟು, ಜೊತೆಗೆ ಬಂದ ಮಗನ ಒಂದು ದಿನದ ಕೆಲಸ ಕೆಟ್ಟದ್ದಕ್ಕೆ ಇಷ್ಟು ಎಂದು ಖರ್ಚಿನ ಕಡೆ ಪುಟ ತುಂಬುತ್ತದೆ. ಜಮೆಯ ಕಡೆ ತನ್ನ ಹೆಸರಿನಲ್ಲಿ ಒಂದು ಕಾಸೂ ಕಾಣಿಸದು. ನಲವತ್ತು ವರ್ಷ ತೋಟಕ್ಕೆ ನೀರು ಹಾಯಿಸಿದ್ದು, ತಂಗಿಯರ ಮದುವೆ ಮಾಡಿದ್ದು ಆ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಇಂತಹ ಖಾತೆ ಬರೆಯುವವನು ಒಂದು ದಿನ ಸದ್ದಿಲ್ಲದೆ ಗುಳಿಗೆಯನ್ನು ನಿಲ್ಲಿಸುತ್ತಾನೆ. ಮನೆಯವರು ಅದನ್ನು ಮರೆವೆಂದು ತಿಳಿಯುತ್ತಾರೆ.

ದೇಹರೋಗವೂ ಮನೋರೋಗವೂ ಒಂದನ್ನೊಂದು ಸಾಕುತ್ತವೆ. ರೋಗವನ್ನು ಬೆಳೆಸುವವುಗಳಲ್ಲಿ ವಿಷಾದವೇ ಮುಖ್ಯವೆಂದು ಚರಕಸಂಹಿತೆಯು ಎಣಿಸಿದೆ. ಇಂದಿನ ವೈದ್ಯರು ಖಿನ್ನತೆಯೆಂದು ಕರೆಯುವ ಈ ರೋಗವು ಸಕ್ಕರೆ ಕಾಯಿಲೆಯವರಲ್ಲಿ ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರಿಗೆ, ಪಾರ್ಶ್ವವಾಯು ಬಡಿದ ಮೂವರಲ್ಲಿ ಸುಮಾರು ಒಬ್ಬರಿಗೆ ಅದು ತಗಲುತ್ತದೆ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹೃದಯಾಘಾತಕ್ಕೊಳಗಾಗಿದ್ದ 222 ಮಂದಿಯನ್ನು ಆರು ತಿಂಗಳು ಗಮನಿಸಿ 1993ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ಖಿನ್ನತೆಯಿದ್ದವರು ಮೃತರಾದ ಪ್ರಮಾಣವು ಉಳಿದವರದಕ್ಕಿಂತ ಬಹಳ ಹೆಚ್ಚಾಗಿತ್ತು. ಕೆಲವೊಮ್ಮೆ ಥೈರಾಯ್ಡ್ ಗ್ರಂಥಿಯ ಮಾಂದ್ಯದಿಂದಲೋ ಬಿ-12 ಜೀವಸತ್ವದ ಕೊರತೆಯಿಂದಲೋ ಮನಸ್ಸು ಕುಗ್ಗುವುದುಂಟು. ಅದು ರಕ್ತಪರೀಕ್ಷೆಯಿಂದ ತಿಳಿಯುವ ಸಂಗತಿ. ಗ್ರಂಥಿಯ ಮಾಂದ್ಯಕ್ಕೆ ಭಕ್ತಿಹೀನನೆಂಬ ಹೆಸರಿಡುವುದು ಯಾವ ನ್ಯಾಯ?

ಇನ್ನು ಭಕ್ತನಾದವನು ನೋವನ್ನು ನುಂಗಿಕೊಂಡಿರಬೇಕೆಂಬ ನಂಬಿಕೆಯೊಂದುಂಟು. ಮಲೆಯಾಳ ದೇಶದ ಮೇಲ್ಪತ್ತೂರು ನಾರಾಯಣ ಭಟ್ಟತಿರಿಯು 16ನೆಯ ಶತಮಾನದಲ್ಲಿ, ವಾತರೋಗದಿಂದ ಪೀಡಿತನಾಗಿ ಗುರುವಾಯೂರಿನಲ್ಲಿ ನೂರು ದಿನ ಕುಳಿತು, ದಿನಕ್ಕೊಂದು ದಶಕದಂತೆ ನಾರಾಯಣೀಯವನ್ನು ರಚಿಸಿದನೆಂದು ಪ್ರತೀತಿ. ದಶಕಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವುದು ತನ್ನ ರೋಗವನ್ನು ನೀಗಬೇಕೆಂಬ ಪ್ರಾರ್ಥನೆಯೇ. ಆ ಮಹಾಪಂಡಿತನಿಗೆ ದೇವರ ಎದುರಿನಲ್ಲಿ ತನ್ನ ಬೇನೆಯನ್ನು ಹೇಳಿಕೊಳ್ಳುವುದು ನಾಚಿಕೆಯೆನಿಸಲಿಲ್ಲ.

ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಆಸ್ಪತ್ರೆಯ ವ್ಯವಹಾರವು ಹೆಚ್ಚಾಗಿ ಮಲೆಯಾಳದಲ್ಲಿ ನಡೆಯುತ್ತದೆ. ಕನ್ನಡದ ಹಿರಿಯರಿಗೆ ಆ ಭಾಷೆ ಬಾರದೆಂದಲ್ಲ. ಕಾಲುನೋವು, ಉರಿ, ತಲೆತಿರುಗು ಇವುಗಳನ್ನು ಹೇಳುವಷ್ಟು ಧಾರಾಳವಾಗಿ ಬರುತ್ತದೆ. ಆದರೆ ಬದುಕು ಬೇಡವೆನಿಸುತ್ತದೆಂಬ ಮಾತು ತಾಯಿನುಡಿಯಲ್ಲಿಯೇ ಗಂಟಲಿನಿಂದ ಹೊರಡುವುದು ಕಷ್ಟ. ಎರಡನೆಯ ನುಡಿಯಲ್ಲಿ ಅದು ಹುಟ್ಟುವುದೇ ಇಲ್ಲ. ವೈದ್ಯನು ಕಾಲಿಗೆ ಮದ್ದು ಬರೆದು ಕಳುಹಿಸುತ್ತಾನೆ. ಅವನ ತಪ್ಪೂ ಅಲ್ಲ. ಆದಕಾರಣ ಮನೆಯವರೊಬ್ಬರು ಜೊತೆಗೆ ಹೋಗಿ, ಊಟ ನಿದ್ರೆ ತಪ್ಪಿದ ವಿಷಯವನ್ನೂ "ಸಾಕಾಯಿತು" ಎಂಬ ಮಾತನ್ನೂ ವೈದ್ಯನಿಗೆ ತಿಳಿಸಬೇಕು. 2022ರ ಅಕ್ಟೋಬರ್ 10ರಂದು ಸರಕಾರವು ಪ್ರಾರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯೂ ಉಂಟು. ಅದರ ಸಂಖ್ಯೆ 14416. ಅಲ್ಲಿ ಹಗಲಿರುಳೆನ್ನದೆ ಕನ್ನಡದಲ್ಲಿಯೂ ಮಾತನಾಡಬಹುದು. ವೈದ್ಯನು ಮನಸ್ಸಿನ ರೋಗಕ್ಕೆ ಕೊಟ್ಟ ಗುಳಿಗೆಯ ಗುಣ ಕಾಣಿಸಲು ಕೆಲವು ವಾರಗಳೇ ಹಿಡಿಯುತ್ತವೆ. ಎಂಟು ದಿನಗಳಲ್ಲಿ ಫಲ ಸಿಕ್ಕಲಿಲ್ಲವೆಂದು ಅದನ್ನು ನಿಲ್ಲಿಸತಕ್ಕದ್ದಲ್ಲ.