ಚೀಟಿಯ ಮೇಲೆ ಯಾರ ಹೆಸರು?

ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಮೊದಲು ಕಾಯಿಯನ್ನು ನೋಡುತ್ತಾರೆ, ಆಮೇಲೆ ಅದರ ಮುಂದಿಟ್ಟ ಚೀಟಿಯನ್ನು ಓದುತ್ತಾರೆ. 'ಓಹೋ, ಇದು ಇಂಥವರದೋ' ಎಂದು ತಲೆದೂಗಿ ಮುಂದಿನ ಮೇಜಿಗೆ ಸರಿಯುತ್ತಾರೆ. ತೀರ್ಪುಗಾರರಿಗೆ ಬೇಕಾದದ್ದು ಕಾಯಿ. ಅದರ ಆಕಾರ, ಬಣ್ಣ, ಹುಳುಕಿಲ್ಲದ ಸಿಪ್ಪೆಯನ್ನು ಅವರು ನೋಡುತ್ತಾರೆ. ಐದು ಬದನೆಕಾಯಿ ಇಟ್ಟಿದ್ದರೆ ಐದೂ ಒಂದೇ ಅಚ್ಚಿನಲ್ಲಿ ಎರೆದಂತಿವೆಯೇ ಎಂದು ನೋಡುತ್ತಾರೆ. ಊರಿಗೆ ಬೇಕಾದದ್ದು ಚೀಟಿ. ಕಾಯಿ ಮರುದಿನ ಸಾರಾಗುತ್ತದೆ, ಹೆಸರು ವರ್ಷವೆಲ್ಲ ಕಟ್ಟೆಯ ಮೇಲೆ ಓಡಾಡುತ್ತದೆ. ಆ ಚೀಟಿಯ ಮೇಲೆ ಯಾರ ಹೆಸರು ಇರಬೇಕು ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ನನ್ನ ಬೆನ್ನು ಬಿಟ್ಟಿಲ್ಲ. ಪ್ರಶ್ನೆ ಸಣ್ಣದು. ಆದರೆ ಅದನ್ನು ಹಿಡಿದು ಎಳೆದರೆ ಅರ್ಧ ಊರೇ ಜೊತೆಗೆ ಬರುತ್ತದೆ.

ನಾನು ಸೋಲಾಪುರದ ಕಡೆಯ ಕಂದಲಗಾಂವದವನು, ಬ್ಯಾಂಕಿನಲ್ಲಿ ಕಾರಕೂನ. ಈ ಸಂಚಿಕೆಯನ್ನು ಓದುವ ಬಹಳಷ್ಟು ಮಂದಿ ಕಡಲಿನ ಕಡೆಯವರು. ನಿಮ್ಮದು ಅಡಿಕೆ, ಮೆಣಸು, ತೆಂಗು. ನಮ್ಮದು ಎರೆ ಮಣ್ಣು, ಹಿಂಗಾರಿ ಜೋಳ, ನೀರಿದ್ದವರಿಗೆ ದಾಳಿಂಬೆ. ನಿಮ್ಮ ಪಕ್ಕದ ಮನೆಯ ಮಾತು ಮಲಯಾಳ, ನಮ್ಮ ಪಕ್ಕದ ಮನೆಯದು ಮರಾಠಿ. ಆದರೆ ಬೆಳೆದದ್ದರಲ್ಲಿ ಚೆನ್ನಾದದ್ದನ್ನು ಆರಿಸಿ ನಾಲ್ಕು ಜನಕ್ಕೆ ತೋರಿಸುವ ಆಸೆ ಎಲ್ಲ ಕಡೆಯೂ ಒಂದೇ. ಸೋಲಾಪುರದ ಹೋಮ್ ಮೈದಾನದಲ್ಲಿ ಸಿದ್ಧೇಶ್ವರ ದೇವಸ್ಥಾನದ ಪಂಚ ಕಮಿಟಿಯವರು ನಡೆಸುವ ಕೃಷಿ ಪ್ರದರ್ಶನಕ್ಕೆ ನಮ್ಮ ಹಳ್ಳಿಗಳ ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಹೊಲದಲ್ಲಿ ಬೆವರಿದವನಿಗೆ 'ಚಲೋ ಬೆಳದೀಯಪ್ಪಾ' ಎನ್ನುವವರು ಕಡಿಮೆ. ವ್ಯಾಪಾರಿ ಎಂದೂ ಹಾಗೆನ್ನುವುದಿಲ್ಲ, ಅಂದರೆ ಬೆಲೆ ಏರಿಸಬೇಕಾಗುತ್ತದೆ! ಅದನ್ನು ಅನ್ನುವ ಜಾಗ ಪ್ರದರ್ಶನವೊಂದೇ. ಅದಕ್ಕೇ ನಾನು ಅದರ ಪಕ್ಷದವನು.

ಈ ಪದ್ಧತಿ ಈಗಿನ ರೂಪದಲ್ಲಿ ನಮಗೆ ಬಂದದ್ದು ಇಂಗ್ಲಿಷರ ಕಾಲದಲ್ಲಿ. ಲಂಡನ್ನಿನಲ್ಲಿ ತೋಟಗಾರಿಕೆಯ ಸಂಘವೊಂದು 1804ರಲ್ಲೇ ಹುಟ್ಟಿತ್ತು. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಜರ್ಮನಿಯಿಂದ ಬಂದ ಕ್ರುಂಬಿಗಲ್ ಅವರ ಕಾಲದಲ್ಲಿ, 1912ರಲ್ಲಿ, ಮೈಸೂರು ತೋಟಗಾರಿಕಾ ಸಂಘ ಸ್ಥಾಪನೆಯಾಯಿತು. ಇಂದಿಗೂ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಹೊತ್ತಿಗೆ ಲಾಲ್‌ಬಾಗಿನಲ್ಲಿ ಪ್ರದರ್ಶನ ನಡೆಯುತ್ತದೆ. ಆ ಹಳೆಯ ಇಂಗ್ಲೆಂಡಿನ ಒಂದು ರೂಢಿ ನನಗೆ ಬಹಳ ಹಿಡಿಸುತ್ತದೆ. ಅಲ್ಲಿ ಲಾರ್ಡ್‌ಗಳ ತೋಟದ ದ್ರಾಕ್ಷಿಗೋ ಅನಾನಸಿಗೋ ಬಹುಮಾನ ಬಂದಾಗ ಅಂದಿನ ತೋಟಗಾರಿಕೆಯ ಪತ್ರಿಕೆಗಳು 'ಇಂಥ ಲಾರ್ಡ್ ಅವರ ತೋಟಗಾರ ಇಂಥವನು' ಎಂದು ಅಚ್ಚು ಹಾಕುತ್ತಿದ್ದವು. ಮೇಲುಕೀಳನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಿದ ಆ ಸಮಾಜವೂ ಬಹುಮಾನದ ಪಟ್ಟಿಯಲ್ಲಿ ಎರಡು ಹೆಸರು ಬರೆಯುತ್ತಿತ್ತು. ತೋಟ ಒಬ್ಬನದು, ಬೆಳೆದವನು ಇನ್ನೊಬ್ಬ. ಎರಡೂ ನಿಜ, ಆದ್ದರಿಂದ ಎರಡೂ ಅಚ್ಚಿನಲ್ಲಿ.

ನಮ್ಮಲ್ಲಿ ಹಾಗಾಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಹಳ್ಳಿಯೊಂದರ ಶಾಲೆಯ ಅಂಗಳದಲ್ಲಿ ಕಾಯಿಪಲ್ಯ, ಹೂವು, ಅಡುಗೆಗಳ ಪ್ರದರ್ಶನವಿತ್ತು. ಅಕ್ಷರ ದುಂಡಗಿವೆ ಎಂಬ ಒಂದೇ ಕಾರಣಕ್ಕೆ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪರಿಚಯದ ಮನೆಯ ಹೆಣ್ಣುಮಗಳೊಬ್ಬಳು ತಲೆಯ ಮೇಲೆ ಸಿಂಬಿ ಇಟ್ಟು ದೊಡ್ಡದೊಂದು ಕುಂಬಳಕಾಯಿ ಹೊತ್ತು ತಂದಳು. ಅತ್ತಿಗೆಯ ವಾವೆಯವರನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ.

"ವೈನಿ, ಯಾರ ಹೆಸರ ಬರೀಲಿ?"

"ನಿಮ್ಮ ಅಣ್ಣಾರ ಹೆಸರ ಹಾಕ್ರಿ."

"ಬೆಳದಾವ್ರು ಯಾರು?"

"ಹೊಲ ಅವರ ಹೆಸರಿಲೆ ಐತಲ್ರಿ."

"ಬೀಜ?"

"ಬೀಜ ನಮ್ಮ ಅತ್ತೀದು. ಬೂದ್ಯಾಗ ಕಲಸಿ ಗಡಿಗ್ಯಾಗ ಇಟ್ಟಿದ್ರು."

"ನೀರು?"

"ನೀರು ನಾನಾ ಹಾಕೀನಿ, ಪಾತ್ರಿ ತೊಳದ ನೀರು. ಆದ್ರ ಬಳ್ಳಿ ಅದರ ಪಾಡಿಗೆ ಅದು ತಿಪ್ಪಿ ಮ್ಯಾಲ ಹಬ್ಬೇತ್ರಿ."

ಅದೇ ದಿನ ಪಕ್ಕದ ಮೇಜಿನ ಮೇಲೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ಬಂದವು. ಅಲ್ಲಿ ಈ ತೊಡಕು ಏಳಲೇ ಇಲ್ಲ. ಚೀಟಿಗಳೆಲ್ಲ ಹೆಂಗಸರ ಹೆಸರಿನವೇ, ಯಾರನ್ನೂ ಕೇಳಬೇಕಾಗಲಿಲ್ಲ. ಒಲೆ ಅವರದು, ಹೊಲ ಅವರದಲ್ಲ. ಒಂದೇ ಕೈ ಜೋಳದ ಕಳೆ ತೆಗೆದು, ತೆನೆ ಮುರಿದು, ಹಿಟ್ಟು ನಾದಿ ರೊಟ್ಟಿ ಬಡಿದರೂ ರೊಟ್ಟಿಗೆ ಬಂದ ಕೂಡಲೆ ಆ ಕೈಗೆ ಹೆಸರು ಬರುತ್ತದೆ, ಜೋಳಕ್ಕೆ ಇರುವುದಿಲ್ಲ.

ಹಾಗಾದರೆ ಕುಂಬಳಕಾಯಿ ಯಾರದು? ಮೊದಲ ಉತ್ತರ ಕಾಗದದ್ದು. ಮಹಾರಾಷ್ಟ್ರದಲ್ಲಿ ಸಾತಬಾರಾ ಎಂಬ ಉತಾರವಿದೆ. ಏಳನೆಯ ನಮೂನೆ ಹಕ್ಕಿನದು, ಹನ್ನೆರಡನೆಯದು ಬೆಳೆಯದು, ಎರಡೂ ಕೂಡಿ ಸಾತಬಾರಾ. ಬೆಳೆಸಾಲಕ್ಕೆ ಬಂದವರಿಂದ ನಾವು ಕೇಳುವ ಮೊದಲ ಕಾಗದ ಅದೇ. ಕೌಂಟರಿನ ಈಚೆ ಕೂತು ಇಷ್ಟು ವರ್ಷ ಆ ಉತಾರಗಳನ್ನು ತಿರುವಿದ್ದೇನೆ. ಅದರಲ್ಲಿ ಹೆಂಗಸಿನ ಹೆಸರು ಕಂಡರೆ ಎಷ್ಟೋ ಸಲ ಆಕೆ ವಿಧವೆಯೆಂದೇ ಅರ್ಥ. ಕಾಗದದ ತಪ್ಪಲ್ಲ ಅದು. ಕಾಗದ ಹೇಳುವುದು ಒಡೆಯ ಯಾರೆಂದು. ಪ್ರದರ್ಶನದ ಚೀಟಿ ಕೇಳುವುದು ಬೇರೆ ಪ್ರಶ್ನೆ, ಬೆಳೆದವರು ಯಾರೆಂದು. ಒಂದು ಪ್ರಶ್ನೆಯ ಉತ್ತರವನ್ನು ತಂದು ಇನ್ನೊಂದರ ಮುಂದೆ ಬರೆದರೆ ಲೆಕ್ಕ ತಾಳೆಯಾಗುವುದಿಲ್ಲ.

ಎರಡನೆಯ ಉತ್ತರ ದೊಡ್ಡ ಮನಸ್ಸಿನದು. ಬೆಳೆದವರು ನಾವು ಯಾರು? ಮಣ್ಣು ಬೆಳೆಯಿತು, ಮಳೆ ಬೆಳೆಯಿತು, ಸಿದ್ಧರಾಮ ಬೆಳೆಸಿದ. ಇದು ಸುಳ್ಳಲ್ಲ. ಎಳ್ಳಮಾವಾಸ್ಯೆಯ ದಿನ ಸಜ್ಜಿ ಕಡುಬು, ಭಜ್ಜಿ, ರೊಟ್ಟಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುವ ನಮಗೆ ಇದು ಗೊತ್ತು. ಮೊದಲ ತುತ್ತು ಭೂಮಿಗೆ, ಆಮೇಲೆ ನಮಗೆ. ತಿಪ್ಪೆಯ ಮೇಲೆ ತಾನಾಗಿ ಹಬ್ಬಿದ ಬಳ್ಳಿಯನ್ನು ನಾನು ಬೆಳೆದೆ ಎನ್ನುವುದು ಸೊಕ್ಕೇ ಸರಿ. ಆದರೆ ಒಂದನ್ನು ಗಮನಿಸಿ. ಚೀಟಿಯ ಮೇಲೆ ಗಂಡಸಿನ ಹೆಸರು ಬರೆಯುವಾಗ ಯಾರೂ ಮಣ್ಣಿನ, ಮಳೆಯ ಮಾತು ಎತ್ತುವುದಿಲ್ಲ. 'ಬೆಳೆದವಳು ಆಕೆಯಲ್ಲವೇ?' ಎಂದು ಕೇಳಿದ ಕೂಡಲೆ ಕಟ್ಟೆಯ ಮೇಲಿದ್ದವರಿಗೆಲ್ಲ ವೇದಾಂತ ನೆನಪಾಗುತ್ತದೆ. ಒಬ್ಬರ ಹೆಸರನ್ನು ಅಳಿಸಲು ಮಾತ್ರ ಹೊರಗೆ ತೆಗೆಯುವ ವೇದಾಂತ ವಿನಯವಲ್ಲ, ಅದೊಂದು ಅನುಕೂಲ.

ಸೊನ್ನಲಿಗೆಯ ಸಿದ್ಧರಾಮನ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹುಡುಗ ನವಣೆಯ ಹೊಲ ಕಾಯುತ್ತಿದ್ದಾಗ ಮಲ್ಲಯ್ಯ ಜಂಗಮನ ವೇಷದಲ್ಲಿ ಬಂದು ತೆನೆ ಬೇಡುತ್ತಾನೆ. ಹುಡುಗ ಕೊಡುತ್ತಾನೆ. ಆಮೇಲೆ ಮೊಸರನ್ನ ತರಲು ಮನೆಗೆ ಓಡುತ್ತಾನೆ. ಮರಳಿ ಬರುವಷ್ಟರಲ್ಲಿ ಮಲ್ಲಯ್ಯ ಇಲ್ಲ. ಈ ಕಥೆಯಲ್ಲಿ ಭಕ್ತಿಯನ್ನು ಎಲ್ಲರೂ ಕಾಣುತ್ತಾರೆ. ನನಗೆ ಕಾಣುವುದು ಆ ಬೇಡುವಿಕೆ. ಜಗತ್ತೆಲ್ಲ ತನ್ನದೇ ಆದವನು ತೆನೆಯನ್ನು ತಾನೇ ಮುರಿದುಕೊಳ್ಳಬಹುದಾಗಿತ್ತು. ಹಾಗೆ ಮಾಡದೆ ಹೊಲ ಕಾಯುತ್ತಿದ್ದವನನ್ನು ಕೇಳಿದ. ಎಲ್ಲವೂ ದೇವರದು ಎನ್ನುವವರು ಆ ದೇವರೇ ಕಾವಲಿದ್ದ ಹುಡುಗನಿಗೆ ತೋರಿದ ಮರ್ಯಾದೆಯನ್ನು ಮರೆಯಬಾರದು.

ಮೂರನೆಯ ಉತ್ತರ ಎಲ್ಲಕ್ಕಿಂತ ಗಟ್ಟಿಯಾದದ್ದು, ಏಕೆಂದರೆ ಅದು ಆಕೆಯದೇ. 'ಅವರ ಹೆಸರ ಹಾಕ್ರಿ' ಎಂದು ಆಕೆಯೇ ಹೇಳಿದ ಮೇಲೆ ನಡುವೆ ಬಾಯಿ ಹಾಕಲು ನಾನು ಯಾರು? ಪ್ರೀತಿಯಿಂದ ಹೇಳಿದಳೋ, ಅಂಜಿ ಹೇಳಿದಳೋ, ರೂಢಿಯಿಂದ ಹೇಳಿದಳೋ ತಿಳಿಯದು. ಬಹುಶಃ ಮೂರೂ ಇದ್ದಾವು. ಬೇಡವೆಂದವರ ಕೊರಳಿಗೆ ಒತ್ತಾಯದಿಂದ ಹಾರ ಹಾಕುವುದೂ ಒಂದು ದಬ್ಬಾಳಿಕೆಯೇ.

ಈ ಗಂಟು ಬಿಚ್ಚಲು ನನಗೆ ನೆರವಾದದ್ದು ನನ್ನ ಮೇಜಿನ ಮೇಲಿನ ಹಣ ತುಂಬುವ ಚೀಟಿ. ಅದರಲ್ಲಿ ಎರಡು ಜಾಗಗಳಿವೆ. ಹಣ ಯಾರ ಖಾತೆಗೆ ಹೋಗಬೇಕು ಎಂಬುದಕ್ಕೆ ಒಂದು, ತುಂಬಿದವರ ಸಹಿಗೆ ಇನ್ನೊಂದು. ತಾಯಿ ಮಗನ ಖಾತೆಗೆ ತುಂಬಬಹುದು, ಹೆಂಡತಿ ಗಂಡನ ಖಾತೆಗೆ ತುಂಬಬಹುದು. ನಾವು ಏಕೆಂದು ಕೇಳುವುದಿಲ್ಲ. ಆದರೆ ತುಂಬಿದವರ ಜಾಗದಲ್ಲಿ ತುಂಬಿದವರೇ ಸಹಿ ಮಾಡಬೇಕು. ಮಾನವೂ ಹಣದಂತೆಯೇ, ಬೇಕಾದವರಿಗೆ ಕೊಟ್ಟುಬಿಡಬಹುದು. ನಡೆದ ಸಂಗತಿಯನ್ನು ಹಾಗೆ ಯಾರಿಗೂ ದಾನ ಕೊಡಲಾಗದು. ಬಹುಮಾನ ಗಂಡನಿಗೆ ಸಲ್ಲಲಿ ಎನ್ನುವ ಹಕ್ಕು ಆಕೆಗಿದೆ. ನೀರು ಹಾಕಿದವನು ಆತ ಎಂದು ಬರೆಯುವ ಹಕ್ಕು ಆಕೆಗೂ ಇಲ್ಲ, ಆತನಿಗೂ ಇಲ್ಲ, ಚೀಟಿ ಬರೆಯುವ ನನಗಂತೂ ಇಲ್ಲ. ನಾನು ಆ ದಿನ ಚೀಟಿಯ ಮೇಲೆ 'ಬೆಳೆದವರು' ಎಂದು ಆಕೆಯ ಹೆಸರನ್ನೂ ಕೆಳಗೆ 'ಹೊಲ' ಎಂದು ಆತನ ಹೆಸರನ್ನೂ ಬರೆದು ಓದಿ ಹೇಳಿದೆ. ಆಕೆ ಸೆರಗು ಬಾಯಿಗೆ ಹಚ್ಚಿ ನಕ್ಕಳು, ಬೇಡವೆನ್ನಲಿಲ್ಲ.

ಒಂದು ಸಾಲಿನಲ್ಲಿ ಎರಡು ಹೆಸರು ಹಿಡಿಯುವುದು ನಮಗೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದವನು. ಒಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಆಕೆಯ ವಚನಗಳ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಗಂಡನ ಹೆಸರು ಅಂಕಿತದೊಳಗೇ ಇದೆ. ಆದರೂ ಆ ವಚನಗಳು ಲಕ್ಕಮ್ಮನವೆಂದು ಎಂಟುನೂರು ವರ್ಷ ಯಾರೂ ಮರೆತಿಲ್ಲ. ಗಂಡನಿಗೆ ಮಾನವೂ ಸಂದಿತು, ಮಾತು ಯಾರದೆಂಬ ಸಂಗತಿಯೂ ಉಳಿಯಿತು.

ಕಾಗದಗಳೂ ನಿಧಾನವಾಗಿ ದಾರಿಗೆ ಬರುತ್ತಿವೆ. ಶರದ್ ಜೋಶಿಯವರ ಶೇತಕರಿ ಸಂಘಟನೆ ಗಂಡಂದಿರು ತಾವಾಗಿ ಹೆಂಡತಿಯ ಹೆಸರಿಗೆ ಜಮೀನು ಬರೆದುಕೊಡಬೇಕೆಂದು ಲಕ್ಷ್ಮೀ ಮುಕ್ತಿಯ ಚಳವಳಿ ನಡೆಸಿತು. 1992ರಲ್ಲಿ ಮಹಾರಾಷ್ಟ್ರ ಸರಕಾರವೂ ಸಾತಬಾರಾದಲ್ಲಿ ಹೆಂಡತಿಯ ಹೆಸರು ಸೇರಿಸಲು ಅದೇ ಹೆಸರಿನ ಯೋಜನೆ ತಂದಿತು. ಅದೇ 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸಲು ಹೊರಟಿತು; ಉತಾರವಿಲ್ಲದ ಹೆಂಗಸರೂ ಗುಂಪಿನ ಹೆಸರಿನಲ್ಲಿ ಸಾಲ ಪಡೆಯುವಂತಾಯಿತು. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಹೆಂಗಸರು ಕೂಡಿ ಸಾಗುವಳಿ ಮಾಡುವುದನ್ನು ನೀವು ಕಣ್ಣಾರೆ ಕಂಡವರು. ಅಹಿಲ್ಯಾನಗರ (ಹಿಂದಿನ ಅಹಮದನಗರ) ಜಿಲ್ಲೆಯ ಅಕೋಲೆ ತಾಲೂಕಿನ ರಾಹೀಬಾಯಿ ಪೋಪೆರೆ ಜವಾರಿ ಬೀಜಗಳನ್ನು ಕೂಡಿಟ್ಟು ಹಂಚಿದ್ದಕ್ಕೆ 2020ರ ಪದ್ಮಶ್ರೀ ಪಡೆದರು. ಬೂದಿಯಲ್ಲಿ ಬೀಜ ಕಾಯ್ದಿಟ್ಟ ಸಾವಿರಾರು ಅತ್ತೆಯರಲ್ಲಿ ಒಬ್ಬರ ಹೆಸರಾದರೂ ದಿಲ್ಲಿಯಲ್ಲಿ ಓದಲ್ಪಟ್ಟಿತು. ಇನ್ನು 2024ರ ಮೇ 1ರಿಂದ ಹುಟ್ಟಿದ ಮಕ್ಕಳಿಗೆ ಮಹಾರಾಷ್ಟ್ರದ ಸರಕಾರಿ ಕಾಗದಗಳಲ್ಲಿ ಮಗುವಿನ ಹೆಸರಿನ ಮುಂದೆ ಮೊದಲು ತಾಯಿಯ ಹೆಸರು, ಆಮೇಲೆ ತಂದೆಯದು. ಸರಕಾರದ ಸಾಲಿನಲ್ಲಿ ಹಿಡಿಸಿದ ಎರಡು ಹೆಸರು ನಮ್ಮ ಪ್ರದರ್ಶನದ ಚೀಟಿಯಲ್ಲಿ ಏಕೆ ಹಿಡಿಸಬಾರದು?

ಗಡಿಯ ಕನ್ನಡ ಮನೆಗಳಿಗೆ ನಾನು ಇದನ್ನು ಬರೆಯಲು ಒಂದು ಕಾರಣವಿದೆ. ಹೆಸರಿನ ಬೆಲೆ ನಮಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ಬೇರೆ ಭಾಷೆಯ ಲಿಪಿಯಲ್ಲಿ ನಮ್ಮ ಹೆಸರಿನ ಕೊಂಬು, ದೀರ್ಘ ಉದುರಿ ಹೋದಾಗ ನಮಗೆ ನೋಯುತ್ತದೆ. ನಮ್ಮೂರಿನ ಹೆಸರನ್ನು ಹಲಗೆಯ ಮೇಲೆ ಇನ್ನೊಂದು ರೀತಿಯಲ್ಲಿ ಬರೆದರೆ ಅರ್ಜಿ ಕೊಡುತ್ತೇವೆ. 'ಇಲ್ಲಿ ನಾವೂ ಇದ್ದೇವೆ, ನಮ್ಮ ಹೆಸರನ್ನೂ ಬರೆಯಿರಿ' ಎಂಬುದೇ ನಮ್ಮ ಎಲ್ಲ ಸಭೆಗಳ ಒಟ್ಟು ಮಾತು. ಅಂಥ ನಾವು ಮನೆಗೆ ಬಂದು ಹಿತ್ತಿಲಿನ ಮಲ್ಲಿಗೆಗೆ, ಬದುವಿನ ಅವರೆಗೆ, ತಿಪ್ಪೆಯ ಕುಂಬಳಕ್ಕೆ ಬೆಳೆದವಳ ಹೆಸರು ಬಿಟ್ಟು ಬರೆದರೆ ಹೊರಗೆ ಕೇಳುವ ನ್ಯಾಯವನ್ನು ಒಳಗೆ ನಾವೇ ತಪ್ಪಿಸಿದಂತೆ. ಹೊರಗಿನವರಿಂದ ನ್ಯಾಯ ಬರಲು ಅರ್ಜಿ ಬೇಕು, ತಾಳ್ಮೆ ಬೇಕು, ವರ್ಷಗಳು ಬೇಕು. ಒಳಗಿನದಕ್ಕೆ ಒಂದು ಪೆನ್ನು ಸಾಕು.

ಆದ್ದರಿಂದ ನಿಮ್ಮ ಊರಿನ ಸಂಘದವರು ಮುಂದಿನ ಪ್ರದರ್ಶನಕ್ಕೆ ಚೀಟಿ ಅಚ್ಚು ಹಾಕಿಸುವಾಗ ಎರಡು ಸಾಲು ಬಿಡಿರಿ. ಒಂದರ ಎದುರು 'ಬೆಳೆದವರು' ಎಂದಿರಲಿ, ಇನ್ನೊಂದರ ಎದುರು 'ಜಮೀನು'. ಬೀಜ ಯಾರದೆಂದು ತಿಳಿದಿದ್ದರೆ ಮೂರನೆಯದೂ ಇರಲಿ. ಕಾಗದ ಒಂದು ಬೆರಳು ಉದ್ದವಾದೀತು, ಅಷ್ಟೆ. ಚೀಟಿ ಬರೆಯಲು ಕೂತವರು ಹೆಸರು ಕೇಳುವ ಮೊದಲು 'ನೀರು ಹಾಕಿದವರು ಯಾರು?' ಎಂದು ಕೇಳಲಿ. ಆ ಪ್ರಶ್ನೆಗೆ ಹಳ್ಳಿಯಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ.