ಕೋವಿ ಕೆಳಗಿಟ್ಟವನಿಗೆ ಏನು ಕೊಡಬೇಕು?

ಮೊನ್ನೆ ಬಿ.ಎ. ತರಗತಿಯಲ್ಲಿ ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆಯನ್ನು ಪಾಠ ಮಾಡುತ್ತಿದ್ದೆ. ಕಳ್ಳನಾಗಿದ್ದವನು ಕೊನೆಗೆ ರಿಸಿಯಾದ ಕಥೆ ಅದು. ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಕದ್ದವನು ರಿಸಿಯಾದ, ಸರಿ. ಅವನಂಥವರ ಕೈಯಲ್ಲಿ ಕಳಕೊಂಡವರು ಏನಾದರು?” ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಬಚಾವಾದೆ. ಆದರೆ ಪ್ರಶ್ನೆ ನನ್ನ ಹಿಂದೆಯೇ ಮನೆಗೆ ಬಂತು.

ಈ ಪ್ರಶ್ನೆಯನ್ನು ನಮ್ಮ ದೇಶ ಚಂಬಲ್ ಕಣಿವೆಯಲ್ಲಿ ಎದುರಿಸಿದೆ. ಮಳೆಯ ನೀರು ಮಣ್ಣನ್ನು ಕೊರೆದು ಮಾಡಿದ ಕೊರಕಲುಗಳ ನಾಡು ಅದು. ಹೊಲದ ಜಗಳ, ಜಾತಿಯ ಹಗೆ, ಠಾಣೆಯಲ್ಲಿ ಸಿಕ್ಕದ ನ್ಯಾಯ—ಇವುಗಳಿಂದ ಕೋವಿ ಹಿಡಿದು ಕೊರಕಲಿಗೆ ಇಳಿದವರು ತಮ್ಮನ್ನು ಡಕಾಯಿತರೆಂದು ಕರೆದುಕೊಳ್ಳುತ್ತಿರಲಿಲ್ಲ. ‘ಬಾಗಿ’, ಎಂದರೆ ದಂಗೆಯೆದ್ದವರು, ಎನ್ನುತ್ತಿದ್ದರು. 1960ರ ಮೇ ತಿಂಗಳಲ್ಲಿ ವಿನೋಬಾ ಭಾವೆಯವರು ಆ ದಾರಿಯಲ್ಲಿ ನಡೆದುಹೋದಾಗ ಸುಮಾರು ಇಪ್ಪತ್ತು ಮಂದಿ ಅವರ ಮುಂದೆ ಆಯುಧ ಇಟ್ಟರು. 1972ರ ಏಪ್ರಿಲ್ 14ರಂದು ಜೌರಾದ ಗಾಂಧೀ ಸೇವಾಶ್ರಮದಲ್ಲಿ ಜಯಪ್ರಕಾಶ ನಾರಾಯಣರ ಎದುರಿಗೆ ಮಾಧೋಸಿಂಗ್, ಮೊಹರ್ ಸಿಂಗರಂಥ ಹೆಸರಾಂತ ಬಾಗಿಗಳೇ ಶರಣಾದರು. ಆ ಆಶ್ರಮವನ್ನು ಕಟ್ಟಿದವರು ಬೆಂಗಳೂರಿನಲ್ಲಿ ಹುಟ್ಟಿದ ಎಸ್. ಎನ್. ಸುಬ್ಬರಾಯರು. 2021ರಲ್ಲಿ ಅವರು ತೀರಿಕೊಂಡಾಗ ಅಂತ್ಯಸಂಸ್ಕಾರವೂ ಜೌರಾದಲ್ಲಿಯೇ ಆಯಿತು.

ಶರಣಾದವರಿಗೆ ನೇಣು ಇಲ್ಲವೆಂಬ ಭರವಸೆ ಸಿಕ್ಕಿತು. ಹಲವರನ್ನು ಮುಂಗಾವಲಿಯ ಬಯಲು ಬಂದೀಖಾನೆಯಲ್ಲಿ ಇಟ್ಟರು. ಮುಂದಿನ ಬಾಳಿಗೆ ನೆಲೆ ಕಲ್ಪಿಸುವ ಮಾತಾಯಿತು. ಪಕ್ಕದ ಹೊಲದ ರೈತ ಇದನ್ನೆಲ್ಲ ನೋಡಿ ಏನೆಂದುಕೊಂಡಿರಬೇಕು? ಅವನಿಗೂ ಬಡತನವಿತ್ತು, ಅವನ ಗಡಿಕಲ್ಲನ್ನೂ ಯಾರೋ ಒತ್ತರಿಸಿದ್ದರು. ಆದರೂ ಅವನು ಕೋವಿ ಮುಟ್ಟಲಿಲ್ಲ. ಮುಟ್ಟದೆ ಇದ್ದುದಕ್ಕೆ ಅವನಿಗೆ ಯಾರೂ ಹಾರ ಹಾಕಲಿಲ್ಲ. ಇದು ನ್ಯಾಯವೆ?

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳಬೇಕು. ನಮ್ಮದು ಮಲೆನಾಡಿನ ಹಳ್ಳಿ. ಅಡಕೆ ತೋಟದ ಬೇಲಿ ಒಂದು ಮಾರು ಸರಿದದ್ದಕ್ಕೆ ಎದ್ದ ಜಗಳದಲ್ಲಿ, ಹಂದಿ ಕಾಯಲೆಂದು ಇಟ್ಟುಕೊಂಡಿದ್ದ ಕೋವಿಯಿಂದ ಪಕ್ಕದ ತೋಟದವನು ನನ್ನ ಚಿಕ್ಕಪ್ಪನಿಗೆ ಗುಂಡು ಹೊಡೆದ. ಚಿಕ್ಕಪ್ಪ ಉಳಿಯಲಿಲ್ಲ. ಆತ ಶಿಕ್ಷೆ ಮುಗಿಸಿ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಆ ಬೇಸಗೆಯಲ್ಲಿ ಅವರ ಬಾವಿ ಬತ್ತಿತು. ಅವನ ಹೆಂಡತಿ ಕೊಡ ಹಿಡಿದು ನಮ್ಮ ಅಂಗಳದ ತುದಿಯಲ್ಲಿ ನಿಂತಳು. ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು, “ಸೇದಿಕೋ” ಎಂದಳು. ನನಗೆ ಮೈ ಉರಿಯಿತು. “ಕ್ಷಮಿಸಿಬಿಟ್ಟೆಯಾ ಅಜ್ಜಿ?” ಎಂದು ಕೇಳಿದೆ. “ಅದೆಲ್ಲ ನನ್ನ ಕೈಲಿ ಆಗುವುದಲ್ಲ, ಮಗ. ಅವನ ಮಕ್ಕಳೂ ನೀನೂ ಇದೇ ಬೇಲಿಯ ಆಚೆ ಈಚೆ ಬದುಕಬೇಕಲ್ಲ” ಎಂದಳು. ಅವಳು ಸಾಯುವತನಕ ಆ ಮನೆಯ ಹೊಸ್ತಿಲು ತುಳಿಯಲಿಲ್ಲ, ನೀರನ್ನೂ ನಿಲ್ಲಿಸಲಿಲ್ಲ.

ಕ್ಷಮೆ ಬೇರೆ, ದಾರಿ ಬಿಡುವುದು ಬೇರೆ ಎಂಬುದನ್ನು ನಾನು ಕಲಿತದ್ದು ಆ ಬಾವಿಕಟ್ಟೆಯಲ್ಲಿ. ಸರಕಾರ ನೇಣನ್ನು ಹಿಂತೆಗೆದುಕೊಳ್ಳಬಹುದು, ಜಮೀನು ಕೊಡಬಹುದು. ಕ್ಷಮಿಸುವ ಅಧಿಕಾರ ಮಾತ್ರ ಅದಕ್ಕಿಲ್ಲ. ಅದು ಕಳಕೊಂಡವರ ಸೊತ್ತು, ಅವರು ಕೊಡದಿದ್ದರೂ ತಪ್ಪಲ್ಲ. ಕೋವಿ ಇಟ್ಟವನಿಗೆ ಕೊಡುವ ನೆಲವನ್ನು ಅವನ ಬಹುಮಾನವೆಂದು ತಿಳಿದರೆ ಅನ್ಯಾಯವೇ ಸರಿ. ಎರಡು ಮನೆಗಳ ಮಕ್ಕಳ ನೆಮ್ಮದಿಗಾಗಿ ಊರು ತೆರುವ ಬೆಲೆಯೆಂದು ತಿಳಿದರೆ ಕೋವಿ ಮುಟ್ಟದ ರೈತನೂ ಅದನ್ನು ಒಪ್ಪಿಯಾನು. ಆದರೆ ಅವನ ಗಡಿಕಲ್ಲನ್ನು ಮೊದಲು ಸರಿಯಾಗಿ ನೆಟ್ಟುಕೊಡಬೇಕು. ಅದನ್ನು ಮಾಡದಿದ್ದರೆ ಒಬ್ಬ ಇಟ್ಟ ಕೋವಿಯನ್ನು ಇನ್ನೊಬ್ಬ ಎತ್ತಿಕೊಳ್ಳುತ್ತಾನೆ.

ಎತ್ತಿಕೊಂಡದ್ದೂ ಉಂಟು. ಜೌರಾದ ಶರಣಾಗತಿಯಾಗಿ ಒಂಬತ್ತು ವರ್ಷ ತುಂಬುವ ಮೊದಲೇ, 1981ರ ಫೆಬ್ರವರಿ 14ರಂದು, ಉತ್ತರ ಪ್ರದೇಶದ ಬೆಹಮಾಯಿ ಗ್ರಾಮದಲ್ಲಿ 20 ಮಂದಿಯನ್ನು ಗುಂಡಿಟ್ಟು ಕೊಂದರು. ಆ ಕೊಲೆಗಳ ಆರೋಪ ಹೊತ್ತ ಫೂಲನ್ ದೇವಿ, ತಾನೂ ಘೋರವಾದ ಅನ್ಯಾಯ ಉಂಡವಳು, 1983ರಲ್ಲಿ ಭಿಂಡದಲ್ಲಿ ಶರಣಾದಳು. 1996ರಲ್ಲಿ ಲೋಕಸಭೆಯ ಸದಸ್ಯಳಾದಳು. 2001ರಲ್ಲಿ ಹಂತಕರ ಗುಂಡಿಗೆ ಬಲಿಯಾದಳು. ಬೆಹಮಾಯಿ ಮೊಕದ್ದಮೆಯ ತೀರ್ಪು ಬಂದದ್ದು 2024ರಲ್ಲಿ. ಆರೋಪಿಗಳಲ್ಲಿ ಬಹುಮಂದಿ ಅಷ್ಟರಲ್ಲಿ ಸತ್ತುಹೋಗಿದ್ದರು; ಶಿಕ್ಷೆಯಾದದ್ದು ಒಬ್ಬನಿಗೆ. ಶರಣಾದವಳ ಹಿಂದೆ ದೇಶದ ಕಣ್ಣೆಲ್ಲ ಹೋಯಿತು. ಗಂಡನನ್ನು ಕಳಕೊಂಡ ಹೆಂಗಸರು 43 ವರ್ಷ ಕಾದರು. ನನ್ನ ವಿದ್ಯಾರ್ಥಿನಿ ಕೇಳಿದ್ದು ಇವರನ್ನೇ.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿಕೊಂಡ ಅಭಿವೃದ್ಧಿಯ ಹದಿನೇಳು ಗುರಿಗಳಲ್ಲಿ ಹದಿನಾರನೆಯದು ಹಿಂಸೆಯನ್ನೂ ಅಕ್ರಮ ಆಯುಧಗಳ ಹರಿದಾಟವನ್ನೂ ತಗ್ಗಿಸಬೇಕೆಂದು ಹೇಳುವುದರ ಜೊತೆಗೇ, ಎಲ್ಲರಿಗೂ ನ್ಯಾಯ ಎಟುಕಬೇಕೆಂದೂ ಹೇಳುತ್ತದೆ. ಎರಡನ್ನೂ ಒಂದೇ ಕಡೆ ಬರೆದವರಿಗೆ ಬಾವಿಕಟ್ಟೆಯ ವಿಷಯ ತಿಳಿದಿರಬೇಕು.

ನಾಳೆ ಮತ್ತೆ ಅದೇ ತರಗತಿ. ಹುಡುಗಿಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ರಿಸಿಯಾದವನ ಕಥೆ ಬರೆದಿಟ್ಟ ನಾವು ಕಳಕೊಂಡವರ ಕಥೆಯನ್ನೂ ಬರೆಯಬೇಕಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ಅಜ್ಜಿಯ ಬಾವಿಯ ಕಥೆಯನ್ನು ಹೇಳುತ್ತೇನೆ.