'ಹನುಮ' ಎಂಬ ನಾಮದ ಅರ್ಥಾನುಸಂಧಾನ

'ಹನುಮಂತ' ಎಂದರೇನೆಂದು ಮಕ್ಕಳು ಕೇಳಿದರೆ 'ದವಡೆ ಮುರಿದವನು' ಎಂದು ಹೇಳಿ ನಮ್ಮಲ್ಲಿ ಅನೇಕರು ಸುಮ್ಮನಾಗುತ್ತಾರೆ. ಜೀವೋತ್ತಮರಾದ ವಾಯುದೇವರ ಅವತಾರಕ್ಕೆ ಒಂದು ಗಾಯದ ಗುರುತೇ ಹೆಸರಾಯಿತೆ ಎಂಬ ಸಂದೇಹವು ಆಗ ಸಹಜವಾಗಿಯೇ ಮೂಡುತ್ತದೆ.

ಈ ಅರ್ಥಕ್ಕೆ ವಾಲ್ಮೀಕಿ ರಾಮಾಯಣದಲ್ಲಿಯೇ ಆಧಾರವುಂಟು. ಉದಯಸೂರ್ಯನನ್ನು ಹಣ್ಣೆಂದೆಣಿಸಿ ಹಾರಿದ ಬಾಲಕನ ಎಡದವಡೆಯು ಇಂದ್ರನ ವಜ್ರಾಘಾತದಿಂದ ಭಗ್ನವಾಯಿತೆಂದು ಕಿಷ್ಕಿಂಧಾಕಾಂಡದಲ್ಲಿ ಜಾಂಬವಂತನು ಹೇಳುತ್ತಾನೆ. 'ಹನು' ಎಂದರೆ ದವಡೆ. ಅದಕ್ಕೆ 'ಮತುಪ್' ಪ್ರತ್ಯಯ ಸೇರಿದರೆ 'ಹನುಮಾನ್'. ಆದರೆ ನಮ್ಮ ಸಂಪ್ರದಾಯದಲ್ಲಿ 'ಹನು' ಶಬ್ದವು ಜ್ಞಾನವಾಚಕವೂ ಹೌದು. 'ಹನ್' ಧಾತುವಿಗೆ ಹಿಂಸೆಯಂತೆಯೇ ಗತಿಯೂ ಅರ್ಥ. ಗತ್ಯರ್ಥಕ ಧಾತುಗಳು ಜ್ಞಾನವನ್ನೂ ಹೇಳುತ್ತವೆಯೆಂಬುದು ವೈಯಾಕರಣರ ಮಾತು. ಆದುದರಿಂದ ಹನುಮಂತನೆಂದರೆ ಪೂರ್ಣಪ್ರಜ್ಞನು, ಜ್ಞಾನಿ.

ಹಾಗಾದರೆ ಈ ಎರಡು ಅರ್ಥಗಳು ಪರಸ್ಪರ ವಿರುದ್ಧವೆ? ಅಲ್ಲ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯು ಕೆಳದವಡೆಯನ್ನು ಪೂರ್ವರೂಪವೆಂದೂ ಮೇಲ್ದವಡೆಯನ್ನು ಉತ್ತರರೂಪವೆಂದೂ ವಾಕ್ಕನ್ನು ಅವುಗಳ ಸಂಧಿಯೆಂದೂ ಉಪದೇಶಿಸುತ್ತದೆ. ದವಡೆಯಿಂದ ವಾಕ್ಕು; ವಾಕ್ಕಿನಿಂದ ಜ್ಞಾನದ ಪ್ರಕಾಶ. ಹನುಮಂತನ ಮೊದಲ ಮಾತುಗಳನ್ನು ಕೇಳಿದೊಡನೆಯೇ ಶ್ರೀರಾಮಚಂದ್ರನು ಲಕ್ಷ್ಮಣನಿಗೆ ಏನೆಂದನು? ವೇದಗಳನ್ನೂ ವ್ಯಾಕರಣವನ್ನೂ ಅಭ್ಯಾಸ ಮಾಡದವನು ಹೀಗೆ ನುಡಿಯಲಾರನು. ಇಷ್ಟು ಮಾತನಾಡಿದರೂ ಒಂದು ಅಪಶಬ್ದವಿಲ್ಲ, ಮುಖದಲ್ಲಿ ಯಾವ ದೋಷವೂ ತೋರಲಿಲ್ಲ ಎಂದನು. ಭಗ್ನವಾಯಿತೆಂದು ಲೋಕವು ಹೇಳುವ ದವಡೆಯಿಂದಲೇ ನಿರ್ದುಷ್ಟವಾದ ವಾಣಿಯು ಹೊರಟಿತು!

ಇಂತಹ ವ್ಯಾಕರಣಪಂಡಿತನು ಅಶೋಕವನದಲ್ಲಿ ಮಾಡಿದುದೇನು? ತಾನು ಪಂಡಿತರಂತೆ ಸಂಸ್ಕೃತದಲ್ಲಿ ನುಡಿದರೆ ಸೀತಾದೇವಿಯು ತನ್ನನ್ನು ರಾವಣನೆಂದು ತಿಳಿದು ಭಯಪಟ್ಟಾಳೆಂದು ಯೋಚಿಸಿದನು. ಆದುದರಿಂದ ಸಾಮಾನ್ಯ ಮನುಷ್ಯರು ಆಡುವ, ಅರ್ಥವಾಗುವ ಮಾತಿನಲ್ಲಿಯೇ ಮರದ ಮೇಲಿಂದ ರಾಮಕಥೆಯನ್ನು ಮೆಲ್ಲನೆ ಆರಂಭಿಸಿದನು. ತನಗೆಷ್ಟು ತಿಳಿದಿದೆ ಎಂಬುದನ್ನು ತೋರಿಸುವುದು ಅವನಿಗೆ ಮುಖ್ಯವಾಗಲಿಲ್ಲ. ಕೇಳುವವಳ ಭಯವು ನೀಗುವುದೇ ಮುಖ್ಯವಾಯಿತು. ಜ್ಞಾನದ ಲಕ್ಷಣವಿದು.

ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ನಡೆಯುವುದೇನು? ಕನ್ನಡದಲ್ಲಿಯೇ ತಡವರಿಸುವ ಮಗುವಿಗೆ ಶ್ಲೋಕದ ಅರ್ಥವನ್ನು ತಿಳಿಸದೆ ಬಾಯಿಪಾಠ ಮಾಡಿಸುತ್ತೇವೆ, ತಪ್ಪಿದರೆ ಗದರುತ್ತೇವೆ. ಉಚ್ಚಾರಶುದ್ಧಿಯು ಅವಶ್ಯವೇ ಸರಿ. ಆದರೆ ಗದರಿಕೆಗೆ ಅಂಜಿದ ಮಗುವು ದೇವರ ಕೋಣೆಯಿಂದಲೇ ದೂರವಾದರೆ ನಮ್ಮ ಪಾಂಡಿತ್ಯದಿಂದ ಯಾರಿಗೆ ಪ್ರಯೋಜನ? ಮಗುವಿಗೆ ತಿಳಿಯುವ ಮಾತಿನಲ್ಲಿ ಮೊದಲು ಕಥೆಯನ್ನು ಹೇಳೋಣ. ಶ್ಲೋಕವು ಅದರ ಹಿಂದೆಯೇ ಬರುತ್ತದೆ. ಹನುಮನ ನಾಮವನ್ನು ಉಚ್ಚರಿಸುವ ನಾಲಗೆಗೆ ಅವನ ಈ ವಿವೇಕವೂ ಲಭಿಸಲಿ.

ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು.